ಪಕ್ಕದ ಜಗಲಿಯ ಊಟ

ಬಿಸಿ ಅನ್ನದಲ್ಲಿ ಕೈಯಿಟ್ಟರೂ ಪಕ್ಕದ ಮನೆಯ ಸಾಹೇಬರ ಬೆರಳುಗಳಿಗೆ ಬಿಸಿ ಗೊತ್ತಾಗುತ್ತಿರಲಿಲ್ಲ. ಮೀಸೆ ಮೂಡುವ ಮುಂಚಿನಿಂದ ಅರವತ್ತರ ಹತ್ತಿರದವರೆಗೆ, ಕುದಿನೀರಿನಲ್ಲಿ ಬೆಂದ ರೇಷ್ಮೆಗೂಡುಗಳಿಂದ ಎಳೆ ಎತ್ತಿದ ಕೈ ಅದು. ಬೆರಳ ತುದಿಗಳು ಬೆಳ್ಳಗೆ, ನುಣ್ಣಗೆ, ಗೆರೆಯೇ ಇಲ್ಲದಂತೆ ಆಗಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಹತ್ತೂ ಬೆರಳನ್ನು ಒತ್ತಿ ನೋಡಿ, ಸಾಲಿನಲ್ಲಿ ಹಿಂದೆ ನಿಂತವರ ಗೊಣಗಾಟ ಕೇಳಿಸಿಕೊಂಡು, ಕೊನೆಗೆ ಮಗಳನ್ನೇ ಕಳಿಸುತ್ತಿದ್ದರು.

ಕಳೆದ ತಿಂಗಳು ಅವರು ತೀರಿಕೊಂಡರು. ಗೂಡು ಬೇಯಿಸುವ ಹಬೆ ಮತ್ತು ಹೊಗೆಯಲ್ಲಿ ಶ್ವಾಸಕೋಶ ಹಾಳಾಗಿ ವರ್ಷಗಳೇ ಆಗಿದ್ದವು. ನಾವು ಅಕ್ಕಪಕ್ಕದಲ್ಲಿ ಇದ್ದದ್ದು ಎರಡು ವರ್ಷವೂ ಇಲ್ಲ. ಅವರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹೆಚ್ಚುಕಡಿಮೆ ಸಂಜೆ ಆರೂವರೆಯಿಂದ ಎಂಟು ಗಂಟೆಯ ನಡುವಿನದು. ಬೆಳಗಿನ ಹೊತ್ತು ಅವರು ಹೇಗಿರುತ್ತಿದ್ದರೋ ನಾನು ಕಾಣೆ.

ಆಗ ನಾವು ರಾಮನಗರದಲ್ಲಿ, ಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯೊಂದರಲ್ಲಿ ಬಾಡಿಗೆಗಿದ್ದೆವು. ನಡುವೆ ಒಂದೇ ಗೋಡೆಯಿದ್ದ ಎರಡು ಮನೆ, ಮುಂದೆ ಎರಡಕ್ಕೂ ಸೇರಿ ಒಂದು ಉದ್ದ ಜಗಲಿ, ಅರ್ಧ ನಮ್ಮದು, ಅರ್ಧ ಅವರದು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಆ ವರ್ಷ ಅವಳಿಗೆ ಹೆಚ್ಚಾಗಿ ಮಧ್ಯಾಹ್ನದ ಪಾಳಿ, ಮನೆ ಸೇರುವಾಗ ಎಂಟೂವರೆ ಆಗುತ್ತಿತ್ತು. ನಮ್ಮ ಮಗಳಿಗೆ ಎರಡೂವರೆ ವರ್ಷ. ಹಗಲು ಅವಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿನ ಮನೆಯಿಂದ ಕರೆತಂದು ಸಂಜೆಯ ಊಟ ಮಾಡಿಸುವುದು ನನ್ನ ಪಾಲಿನ ಕೆಲಸ.

ಊಟ ಎಂದೆ. ಅದು ಊಟವಾಗಿರಲಿಲ್ಲ. ಮಗಳು ಬಿಳಿಯದನ್ನಷ್ಟೇ ತಿನ್ನುತ್ತಿದ್ದಳು. ಮೊಸರನ್ನ, ಇಡ್ಲಿಯ ಒಳಭಾಗ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಮೊಸರನ್ನದಲ್ಲಿ ಒಂದೇ ಒಂದು ಸಾಸಿವೆ ಕಂಡರೂ "ಹುಳ" ಎಂದು ತಟ್ಟೆ ದೂಡುತ್ತಿದ್ದಳು. ಮೊಬೈಲಿನಲ್ಲಿ ಕಾರ್ಟೂನ್ ಹಾಕಿ, ಬಾಯಿ ತೆರೆದ ಗಳಿಗೆ ನೋಡಿ ತುತ್ತು ತುರುಕುವುದು ನನ್ನ ಉಪಾಯ. ಆ ತುತ್ತು ಅವಳ ಕೆನ್ನೆಯೊಳಗೆ ಅರ್ಧ ಗಂಟೆ ಕೂತಿರುತ್ತಿತ್ತು. ಅಂಗನವಾಡಿಯ ತೂಕದ ಕಾರ್ಡಿನಲ್ಲಿ ಅವಳ ಚುಕ್ಕಿ ಹಸಿರು ಪಟ್ಟಿಯಿಂದ ಹಳದಿಗೆ ಇಳಿದಿತ್ತು. ಹೆಂಡತಿ ಆ ಕಾರ್ಡನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿದ್ದಳು. ತಲೆ ಬಾಚುವಾಗಲೆಲ್ಲ ಅದು ನನ್ನ ಕಣ್ಣಿಗೆ ಬೀಳುತ್ತಿತ್ತು.

ದಸರಾ ಮುಗಿದು, ಮಳೆ ಹಿಂದೆ ಸರಿದು, ಸಂಜೆ ಬೇಗ ಕತ್ತಲಾಗುವ ದಿನಗಳು. ಆರು ಗಂಟೆಗೆಲ್ಲ ಗುಡ್ಡದ ಬಂಡೆಗಳ ಕಡೆಯಿಂದ ತಣ್ಣನೆ ಗಾಳಿ ಬೀಸಲು ಶುರುವಾಗುತ್ತಿತ್ತು. ಅಂಥ ಒಂದು ಸಂಜೆ ಮಗಳು ಮೂರನೆಯ ಸಲ ಅನ್ನ ಉಗಿದಾಗ ಅವಳ ಕೆನ್ನೆಗೆ ಹೊಡೆದೆ. ಮೆಲ್ಲಗೇನೂ ಹೊಡೆಯಲಿಲ್ಲ. ಅವಳು ಅಳುವ ಮೊದಲು ಒಂದು ಗಳಿಗೆ ನನ್ನನ್ನೇ ನೋಡಿದಳು. ನಂತರ ಜೋರಾಗಿ ಅತ್ತಳು.

ಗೋಡೆಯಾಚೆ ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಅವರು ಬಾಗಿಲಲ್ಲಿದ್ದರು. ಲುಂಗಿ, ಮೇಲೊಂದು ಹಳೆಯ ಸ್ವೆಟರು. ಉಸಿರು ಕೂಡಿಬರಲೆಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಅಲ್ಲಿಯವರೆಗೆ ನಮ್ಮ ನಡುವೆ "ಊಟ ಆಯ್ತಾ ಸಾರ್", "ಆಯ್ತು ಸಾಹೇಬ್ರೇ" ಎನ್ನುವುದರ ಆಚೆ ಮಾತು ನಡೆದಿರಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ. ಮಗುವಿನ ಕೆನ್ನೆಯನ್ನೂ ನೋಡಲಿಲ್ಲ.

"ಸಾರ್, ಮಗೀನ ಒಸಿ ಇತ್ಲಾಗ್ ಕಳ್ಸಿ. ಕಿಚಡಿ ಸುಡ್ತೈತಾ ಇಲ್ವಾ ನೋಡ್ಬೇಕಿತ್ತು. ನನ್ ಬೆರಳಿಗೆ ತಿಳಿಯಾಕಿಲ್ಲ. ಮಗಳು ಇನ್ನೂ ಬಂದಿಲ್ಲ."

ಮಗಳನ್ನು ಎತ್ತಿಕೊಂಡು ಅವರ ಹಿಂದೆ ಹೋದೆ. ಜಗಲಿಯ ಮೇಲೆ ಚಾಪೆ, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ, ನಡುವೆ ಅಲ್ಯೂಮಿನಿಯಂ ಪಾತ್ರೆ. ಅವರು ಸೌಟಿನಿಂದ ಒಂದಿಷ್ಟು ಕಿಚಡಿಯನ್ನು ಅಗಲವಾದ ತಟ್ಟೆಯ ಅಂಚಿಗೆ ಹಾಕಿ ಅವಳ ಮುಂದೆ ಇಟ್ಟರು.

"ನೋಡವ್ವ. ಸುಡ್ತೈತಾ?"

ಬಿಕ್ಕುತ್ತಲೇ ಅವಳು ಒಂದು ಬೆರಳು ಮುಟ್ಟಿಸಿ ಹಿಂದೆಳೆದುಕೊಂಡಳು. "ಸುಡ್ತು."

"ಹೌದಾ? ನನಗೆ ತಿಳೀನೇ ಇಲ್ಲ ನೋಡು. ಊದಾನ ಬಾ."

ಅವರ ಊದುವಿಕೆಯಲ್ಲಿ ಗಾಳಿಗಿಂತ ಶಿಳ್ಳೆಯೇ ಹೆಚ್ಚಿತ್ತು. ಅವಳೂ ಊದಿದಳು. ಮತ್ತೆ ಮುಟ್ಟಿದಳು. ಇನ್ನೂ ಸುಡುತ್ತಿದೆ ಎಂದಳು. ಮತ್ತೆ ಊದಿದರು. ನಾಲ್ಕನೆಯ ಸಲ ಬೆರಳಿಗಂಟಿದ ಹೆಸರುಬೇಳೆಯನ್ನು ಬಾಯಿಗೆ ಹಾಕಿಕೊಂಡು ನೋಡಿ, "ಸುಡಲ್ಲ" ಎಂದು ತೀರ್ಪು ಕೊಟ್ಟಳು. ಕಿಚಡಿ ಹಳದಿಯಾಗಿತ್ತು. ಅದರಲ್ಲಿ ಜೀರಿಗೆಯೂ ಇತ್ತು. ಅವರು ಅವಳ ಕಡೆ ಗಮನವನ್ನೇ ಕೊಡದೆ ತಮ್ಮ ತಟ್ಟೆಗೆ ಹಾಕಿಕೊಂಡು ತಿನ್ನತೊಡಗಿದರು. ಆ ದಿನ ಅವಳು ತಿಂದದ್ದು ಐದಾರು ಬೆರಳಿನಷ್ಟು. ಅಷ್ಟನ್ನೂ ತಾನಾಗಿಯೇ ತಿಂದಳು.

ಬೆರಳಿನ ಮಾತು ಮಗುವನ್ನು ಪುಸಲಾಯಿಸಲು ಹೂಡಿದ ನೆಪವಿರಬೇಕು ಎಂದುಕೊಂಡಿದ್ದೆ. ವಾರದ ನಂತರ ಕಾದ ತವಾದ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ, ಹಾಗೆಯೇ ಹಿಡಿದು ನನ್ನ ಜೊತೆ ಮಾತಾಡುತ್ತ ನಿಂತದ್ದನ್ನು ನೋಡಿದ ಮೇಲೆ ನಂಬಿದೆ.

ಹೀಗೆ ಮಗಳ ಸಂಜೆಯ ಊಟ ಅವರ ಜಗಲಿಗೆ ಹೋಯಿತು. ಆ ಮನೆಯಲ್ಲಿ ಇದ್ದವರು ಇಬ್ಬರೇ, ಅವರು ಮತ್ತು ನಲವತ್ತರ ಹತ್ತಿರದ ಅವರ ಮಗಳು. ಬೀದಿಯವರೆಲ್ಲ ಆಕೆಯನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಆಪಾ ರೇಷ್ಮೆ ಹುರಿ ಮಾಡುವ ಕಾರ್ಖಾನೆಗೆ ಹೋಗಿ ಸಂಜೆ ಬರುತ್ತಿದ್ದರು. ಹಬೆಯ ಕೆಲಸ ಸಾಕೆಂದು ವೈದ್ಯರು ಸಾಹೇಬರನ್ನು ಮನೆಯಲ್ಲಿ ಕೂರಿಸಿದ ಮೇಲೆ ಅಡುಗೆ ಅವರ ಪಾಲಿಗೆ ಬಂದಿತ್ತು. ದೊಡ್ಡ ಅಡುಗೆಯೇನಲ್ಲ. ಕಿಚಡಿ, ಬೇಳೆ, ಸೊಪ್ಪಿನ ಸಾರು, ಮುದ್ದೆ. ಶುಕ್ರವಾರ ಒಂದಿಷ್ಟು ಕೋಳಿ. ಒಗ್ಗರಣೆಯ ಹೊಗೆಗೆ ಕೆಮ್ಮು ಬರುತ್ತಿದ್ದುದರಿಂದ ಒಗ್ಗರಣೆ ಹಾಕುತ್ತಲೇ ಇರಲಿಲ್ಲ. ಹಾಗಾಗಿ ಸಾಸಿವೆಯ ತಕರಾರು ಅಲ್ಲಿ ಬರಲೇ ಇಲ್ಲ.

ಅವರು ಮಕ್ಕಳನ್ನು ಮುದ್ದಿಸುವ ಪೈಕಿಯಲ್ಲ. ಮಗಳು ಪೂರ್ತಿ ತಿಂದರೂ ಭೇಷ್ ಎನ್ನುತ್ತಿರಲಿಲ್ಲ, ಬಿಟ್ಟರೂ ಯಾಕೆ ಎನ್ನುತ್ತಿರಲಿಲ್ಲ. ಒಮ್ಮೆ ರಜೆಯಲ್ಲಿದ್ದ ನನ್ನ ಹೆಂಡತಿ ಖುಷಿಯಿಂದ ಚಪ್ಪಾಳೆ ತಟ್ಟಿದಾಗ ಮುಖ ಗಂಟು ಹಾಕಿಕೊಂಡರು. "ಚಪ್ಪಾಳೆ ಯಾಕಮ್ಮ? ಅವಳೇನು ಸರ್ಕಸ್ ಮಾಡುದ್ಲಾ? ಹಸಿವಾಯ್ತು, ಉಂಡ್ಲು."

ಇನ್ನೊಂದು ದಿನ ಅವಳು ಏನನ್ನೂ ಮುಟ್ಟಲಿಲ್ಲ. ನಾನು ಪಕ್ಕದಲ್ಲಿ ಕೂತು ಬೇಡತೊಡಗಿದೆ. ಅವರು ಸಹಿಸಿಕೊಂಡು ಸಹಿಸಿಕೊಂಡು ಕೊನೆಗೆ ಕೇಳಿದರು.

"ನಿಮ್ದು ಯಾವೂರು ಸಾರ್?"

"ಮರಳವಾಡಿ ಕಡೆ."

"ಮನೇಲಿ ರೇಷ್ಮೆಹುಳ ಸಾಕ್ತಾರಾ?"

"ಅವ್ವ ಈಗ್ಲೂ ಸಾಕ್ತಾಳೆ."

"ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕ್ತಾರಾ ನಿಮ್ಮವ್ವ?"

ರೇಷ್ಮೆಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಆಗ ಯಾರೂ ಸೊಪ್ಪು ಹಾಕುವುದಿಲ್ಲ, ಹುಳು ಮನೆಯಲ್ಲಿ ಜೋರಾಗಿ ಮಾತೂ ಆಡುವುದಿಲ್ಲ.

"ಇಲ್ಲ" ಎಂದೆ.

"ಮತ್ತೆ? ಎದ್ದಾಗ ತಿಂತೈತೆ ಬುಡಿ."

"ಹುಳದ ಜ್ವರ ಒಂದು ದಿನ ಸಾಹೇಬ್ರೇ. ಇವಳದು ಒಂದು ವರ್ಷ ಆಯ್ತು."

ಅವರು ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಆಪಾ ಒಳಗಿನಿಂದ ನೀರು ತಂದು ಬೆನ್ನು ನೀವಬೇಕಾಯಿತು. ಅಷ್ಟು ಕೆಮ್ಮಿದ ಮನುಷ್ಯ, ಆಪಾ ಪಾತ್ರೆ ತೊಳೆಯಲು ಹೋದ ಮೇಲೆ ನೀರಿನ ಟ್ಯಾಂಕಿನ ಹಿಂದೆ ನಿಂತು ಬೀಡಿ ಹಚ್ಚಿದ್ದನ್ನೂ ನಾನು ನೋಡಿದ್ದೇನೆ. ನರ್ಸಿನ ಗಂಡ, ಹೆಂಡತಿಗೆ ಹೇಳಿಯಾನು ಎಂದು ನನ್ನ ಕಡೆ ಒಂದು ಸಲ ದುರುಗುಟ್ಟಿ, ಬೆನ್ನು ತಿರುಗಿಸಿಕೊಂಡರು.

ದೀಪಾವಳಿಗೆ ಅವ್ವ ಊರಿನಿಂದ ಬಂದಳು. ಬಂದ ಸಂಜೆಯೇ ಮೊಮ್ಮಗಳು ತಟ್ಟೆ ಹಿಡಿದುಕೊಂಡು ಪಕ್ಕದ ಜಗಲಿಗೆ ನಡೆದುಹೋದದ್ದನ್ನು ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಬಂದು, ಮೆಲ್ಲಗೆ ಕೇಳಿದಳು.

"ಅಲ್ಲ ಕಣ್ಲಾ, ನಮ್ಮನೇಲಿ ಅನ್ನ ಇಲ್ವಾ?"

"ಅಲ್ಲಾದ್ರೆ ತಿಂತಾಳೆ ಕಣವ್ವ."

"ಅವ್ರ ಮನೆ ಪಾತ್ರೇಲಿ ಏನೇನ್ ಬೇಯಿಸಿರ್ತಾರೋ ಏನೋ. ಊರಿಗೆ ಗೊತ್ತಾದ್ರೆ ಏನಂತಾರೆ? ನಾನಿರೋವರ್ಗಾದ್ರೂ ಬ್ಯಾಡ."

ನಾನು ವಾದಿಸಬಹುದಿತ್ತು. ಹಗಲೆಲ್ಲ ಕಚೇರಿಯಲ್ಲಿ ಜನರ ಜೊತೆ ವಾದಿಸಿ ಬಂದಿರುತ್ತಿದ್ದೆ, ಮನೆಯಲ್ಲೂ ಬೇಡವೆನಿಸಿತು. ಆಗ ನನಗೆ ನಾನೇ ಹೇಳಿಕೊಂಡ ಕಾರಣ ಅದು. ಮಾರನೆಯ ಸಂಜೆ ಅವರು ಚಾಪೆ ಹಾಸುತ್ತಿದ್ದಾಗ ಹೋಗಿ, "ಡಾಕ್ಟ್ರು ಸ್ವಲ್ಪ ದಿನ ಹೊರಗಿನ ಊಟ ಬೇಡ ಅಂದಿದಾರೆ ಸಾಹೇಬ್ರೇ" ಎಂದೆ.

ಅವರು ಚಾಪೆಯ ಮಡಿಕೆ ಬಿಡಿಸುತ್ತಲೇ ಇದ್ದರು. "ಸರಿ ಸಾರ್. ಡಾಕ್ಟ್ರು ಹೇಳ್ದಂಗೆ ಮಾಡಿ."

ಅವ್ವ ತನಗೆ ಗೊತ್ತಿದ್ದ ರೀತಿಯಲ್ಲಿ ಪ್ರಯತ್ನಿಸಿದಳು. ಕಾಲು ಚಾಚಿ ಮೊಮ್ಮಗಳನ್ನು ತೊಡೆಯ ನಡುವೆ ಅಮುಕಿ ಕೂರಿಸಿ, ಮುದ್ದೆಯ ಸಣ್ಣ ಉಂಡೆಗಳನ್ನು ಸಾರಿನಲ್ಲಿ ಅದ್ದಿ ನುಂಗಿಸಿದಳು. ಅವಳ ಆರು ಮಕ್ಕಳೂ ಹಾಗೆಯೇ ಉಂಡು ಬೆಳೆದವರು. ಮಗಳು ನುಂಗಿದ್ದನ್ನೆಲ್ಲ ವಾಂತಿ ಮಾಡಿದಳು. ಮೂರನೆಯ ದಿನದ ಹೊತ್ತಿಗೆ ತಟ್ಟೆ ಕಂಡರೆ ಮಂಚದ ಕೆಳಗೆ ತೂರಿಕೊಳ್ಳುತ್ತಿದ್ದಳು. ಪಕ್ಕದ ಜಗಲಿಯಲ್ಲಿ ಅಪ್ಪ ಮಗಳು ಮಾತಿಲ್ಲದೆ ಉಣ್ಣುವ ಸದ್ದು ನಮ್ಮ ಕೋಣೆಗೆ ಕೇಳುತ್ತಿತ್ತು.

ಆ ವಾರದ ಕೊನೆಗೆ ಅವರಿಗೆ ಉಸಿರಾಟ ಹೆಚ್ಚು ಕೆಟ್ಟು ಆಪಾ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ನನ್ನ ಹೆಂಡತಿ ಸಿಕ್ಕಿದಳು. "ಪಾಪೂಗೆ ಏನಾಯ್ತು? ಹೊರಗಿನ ಊಟ ಬೇಡ ಅಂದ್ರಂತಲ್ಲ ಡಾಕ್ಟ್ರು" ಎಂದು ಆಪಾ ನಿಜವಾದ ಆತಂಕದಿಂದಲೇ ಕೇಳಿದರಂತೆ. ಮರುದಿನ ಬೆಳಿಗ್ಗೆ ಹೆಂಡತಿ ನನ್ನನ್ನು ಬಚ್ಚಲ ಹತ್ತಿರ ನಿಲ್ಲಿಸಿಕೊಂಡು ಮಾತಾಡಿದಳು. ದನಿ ಏರಿಸಲಿಲ್ಲ. ಅವಳಿಗೂ ಅಷ್ಟು ಶಕ್ತಿ ಉಳಿದಿರಲಿಲ್ಲ.

"ನಾನು ಆಸ್ಪತ್ರೇಲಿ ಕೆಲಸ ಮಾಡೋಳು. ನನ್ನ ಮಗಳಿಗೆ ಡಾಕ್ಟ್ರು ಏನು ಹೇಳಿದ್ರು ಅಂತ ನನಗೇ ಗೊತ್ತಿಲ್ಲ. ಆಪಾ ಮುಂದೆ ನಾನು ಏನಂತ ಹೇಳ್ಬೇಕಿತ್ತು?"

"ಏನಂದೆ?"

"ಹೌದು ಅಂದೆ. ನಿನ್ನ ಸುಳ್ಳಿಗೆ ನಾನೂ ಒಂದು ಸುಳ್ಳು ಸೇರಿಸಿದೆ. ಇವತ್ತು ಸಂಜೆ ನೀನು ಹೋಗಿ ಸರಿ ಮಾಡ್ಕೊಂಡು ಬಾ."

ಸಂಜೆ ಹೋದೆ. ಮಗಳು ನನ್ನ ಬೆರಳು ಹಿಡಿದುಕೊಂಡು ಬಂದಳು. ಅವರು ಗೋಡೆಗೆ ಒರಗಿ ಕೂತಿದ್ದರು, ಆಪಾ ಬಡಿಸುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ.

"ಸಾಹೇಬ್ರೇ, ಡಾಕ್ಟ್ರು ಏನೂ ಹೇಳಿರಲಿಲ್ಲ."

"ಗೊತ್ತು."

"ಅವ್ವ ಊರಿಂದ ಬಂದಿದ್ದಾಳೆ. ಅವಳು ಹಳೇ ಕಾಲದೋಳು..."

"ಅಮ್ಮನ ಮ್ಯಾಲೆ ಹಾಕ್ಬೇಡಿ ಸಾರ್." ಮಾತಿನ ನಡುವೆ ಉಸಿರಿಗಾಗಿ ನಿಲ್ಲಿಸಿದರು. ಕೋಪವಿರಲಿಲ್ಲ. ಬಹಳ ದಿನದಿಂದ ಹೇಳದೆ ಇಟ್ಟುಕೊಂಡು ಸಾಕಾದವರ ಹಾಗೆ ಹೇಳಿದರು. "ಅವ್ರು ಮೊನ್ನೆ ಬಂದೋರು. ನೀವು ನಮ್ ಜಗಲಿ ಮ್ಯಾಲೆ ದಿನಾ ಕೂತ್ಕತ್ತೀರಿ. ಒಂದ್ ದಿನ ಒಂದ್ ತುತ್ತು ಬಾಯಿಗೆ ಇಟ್ಟಿದೀರಾ? ದಿನಾ ನಾನು ಉಣ್ಣಿ ಅಂತೀನಿ. ದಿನಾ ನೀವು ಹೆಂಡ್ರು ಬರ್ಲಿ ಅಂತೀರಿ. ಮಗೀಗೂ ಕಣ್ ಐತೆ ಸಾರ್."

ಅದು ನಿಜ. ಹೆಂಡತಿಯ ಜೊತೆ ಉಣ್ಣುತ್ತೇನೆ ಎನ್ನುವುದು ನಾನು ಮೊದಲ ದಿನವೇ ಹುಡುಕಿಕೊಂಡ ಮರ್ಯಾದಸ್ಥ ಕಾರಣ. ಅದರ ಹಿಂದೆ ಇದ್ದದ್ದು ಅವ್ವನ ಬಾಯಲ್ಲಿ ಬಂದದ್ದೇ. ಅವಳು ಹೇಳಿದಳು, ನಾನು ಹೇಳಿರಲಿಲ್ಲ, ಅಷ್ಟೇ ವ್ಯತ್ಯಾಸ. ನನ್ನ ಮಗುವನ್ನು ಅವರ ತಟ್ಟೆಯ ಮುಂದೆ ಕೂರಿಸಿ, ನಾನು ಕೈಕಟ್ಟಿ ಕೂತು, ಅವಳು ಊಟದಲ್ಲಿ ಹಟ ಮಾಡುತ್ತಾಳೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಕೂತೆ. ಆಪಾ ತಟ್ಟೆ ಇಟ್ಟರು. ಮುದ್ದೆ, ದಂಟಿನ ಸೊಪ್ಪಿನ ಸಾರು. ನಮ್ಮ ಮನೆಯಲ್ಲಿ ಆ ಹೊತ್ತು ಒಲೆಯ ಮೇಲಿದ್ದದ್ದೂ ಅದೇ. ಮೊದಲ ತುತ್ತು ಗಂಟಲಲ್ಲಿ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅದು ನಾಚಿಕೆಗೋ ಬೇರೆ ಯಾವುದಕ್ಕೋ, ಈಗಲೂ ಖಚಿತವಾಗಿ ಹೇಳಲಾರೆ.

"ಉಪ್ಪು ಸರಿ ಐತಾ?" ಎಂದರು.

"ಒಸಿ ಜಾಸ್ತಿ ಆಗೈತೆ."

"ಹೆಂಗೋ ಒಂದು ನಿಜ ಹೇಳುದ್ರಿ" ಎಂದರು. ಆಪಾ ಮುಖ ತಿರುಗಿಸಿಕೊಂಡು ನಕ್ಕರು.

ಆ ದಿನ ಮಗಳು ತಿಂದದ್ದು ಸ್ವಲ್ಪವೇ. ಪವಾಡವೇನೂ ನಡೆಯಲಿಲ್ಲ. ತಿಂಗಳುಗಳು ಹಿಡಿದವು, ಕಾರ್ಡಿನಲ್ಲಿ ಚುಕ್ಕಿ ನಿಧಾನವಾಗಿ ಮೇಲೆ ಹತ್ತಿತು, ಒಮ್ಮೆ ಮತ್ತೆ ಇಳಿದು ಪುನಃ ಹತ್ತಿತು. ಬದನೆಕಾಯಿಯನ್ನು ಅವಳು ಇವತ್ತಿಗೂ ಮುಟ್ಟುವುದಿಲ್ಲ. ಆದರೆ ಆ ಚಳಿಗಾಲವಿಡೀ ಸಂಜೆ ನಾಲ್ಕು ತಟ್ಟೆ ಆ ಹಾಳೆಯ ಮೇಲಿರುತ್ತಿದ್ದವು. ಅಲ್ಲಿ ಊಟದ ಬಗ್ಗೆ ಬಿಟ್ಟು ಬೇರೆಲ್ಲದರ ಬಗ್ಗೆ ಮಾತಾಡುತ್ತಿದ್ದೆವು. ದಿನದ ಆಯಾಸ ಇಳಿಯುವ ಜಾಗ ಎಂದು ನನಗೆ ಯಾವುದಾದರೂ ಇದ್ದರೆ ಅದೊಂದೇ ಆಗಿತ್ತು.

ಅವ್ವ ಅಲ್ಲಿ ಉಣ್ಣಲಿಲ್ಲ. ನಾನು ಉಂಡು ಬಂದ ದಿನ ನನ್ನ ಜೊತೆ ಮಾತೂ ಆಡಲಿಲ್ಲ. ಸಂಕ್ರಾಂತಿಯ ಮುಂಚೆ ಮತ್ತೆ ಬಂದಾಗ ಹೊಲದ ಅವರೆಕಾಯಿ ಒಂದು ಚೀಲ ತಂದಿದ್ದಳು. ಕಾಳು ಬಿಡಿಸಿ ರಾತ್ರಿ ನೆನೆಹಾಕಿ, ಮರುದಿನ ಬಿಸಿಲಿಗೆ ಜಗಲಿಯಲ್ಲಿ ಕೂತು ಸಿಪ್ಪೆಯಿಂದ ಹಿದುಕಲು ಶುರುಮಾಡಿದಳು. ಅದು ಭಾನುವಾರ, ನಾನು ಒಳಗಿದ್ದೆ. ಸ್ವಲ್ಪ ಹೊತ್ತಿಗೆ ಜಗಲಿಯ ಇನ್ನೊಂದು ತುದಿಯಿಂದ ಅವರ ದನಿ ಕೇಳಿತು.

"ಒಬ್ರೇ ಎಷ್ಟೊತ್ತು ಮಾಡ್ತೀರಮ್ಮ. ಇತ್ಲಾಗ್ ಒಸಿ ಕೊಡಿ."

ಅವ್ವ ಒಂದು ಗಳಿಗೆ ಯೋಚಿಸಿರಬೇಕು. ನಂತರ ತಟ್ಟೆ ಸರಿಯುವ ಸದ್ದು. ಇಬ್ಬರೂ ಹಿದುಕುತ್ತ ಕೂತರು. ಅವ್ವ ಜೀವಮಾನವಿಡೀ ಹುಳ ಸಾಕಿ ಗೂಡು ಕಟ್ಟಿಸಿದವಳು, ಅವರು ಜೀವಮಾನವಿಡೀ ಆ ಗೂಡು ಬಿಚ್ಚಿದವರು. ಅಲ್ಲಿಯವರೆಗೆ ಒಬ್ಬರ ಜೊತೆ ಒಬ್ಬರು ಮಾತಾಡಿದವರಲ್ಲ.

"ನಿಮ್ಮ ಕಡೆ ಗೂಡು ಬುಡಿ ಅಮ್ಮ. ಹಸಿ ಗೂಡು ತಂದು ಹಾಕ್ಬುಡ್ತಿದ್ರು. ಎಳೆ ನಿಲ್ತಾನೇ ಇರ್ಲಿಲ್ಲ."

"ಮಳೇಲಿ ಕಟ್ಟಿದ್ ಗೂಡು ಹಸಿ ಇರ್ದೆ ಒಣಗಿರ್ತದಾ? ನಿಮ್ಗೆ ಬಿಚ್ಚಾಕ್ ಬರ್ಬೇಕು."

"ಬಿಚ್ಚಾಕ್ ಬರ್ದೇನೆ ಈ ಕೈ ಹಿಂಗಾಯ್ತಾ?"

ಅವ್ವ ಅವರ ಕೈ ನೋಡಿದಳೆಂದು ಕಾಣುತ್ತದೆ. ಆಮೇಲೆ ಜಗಳ ಮುಂದುವರಿಯಲಿಲ್ಲ. ಹಿದುಕಿದ ಬೇಳೆಯಲ್ಲಿ ಅರ್ಧವನ್ನು ಅವರ ಪಾತ್ರೆಗೇ ಬಿಟ್ಟು ಒಳಗೆ ಬಂದಳು. ಅವರ ಮನೆಯ ಸಾರನ್ನು ಮಾತ್ರ ರುಚಿ ನೋಡಲಿಲ್ಲ. ಅಷ್ಟೇ ಆದದ್ದು. ಅದಕ್ಕಿಂತ ಹೆಚ್ಚೇನೋ ಆಯಿತೆಂದು ನಾನು ಬರೆಯಲಾರೆ.

ಮುಂದಿನ ವರ್ಷ ನಮಗೆ ಕನಕಪುರಕ್ಕೆ ವರ್ಗವಾಯಿತು. ಮೊದಮೊದಲು ಹಬ್ಬಕ್ಕೆ ಹೋಗಿ ಬರುತ್ತಿದ್ದೆವು. ಆಮೇಲೆ ಫೋನು. ಆಮೇಲೆ ಅದೂ ಕಡಿಮೆಯಾಯಿತು. ಮಗಳ ಶಾಲೆ, ಹೆಂಡತಿಯ ಪಾಳಿ, ನನ್ನ ಬೆನ್ನುನೋವು. ದೂರ ಒಂದು ಗಂಟೆಯ ಬಸ್ಸಿನದು, ಆದರೂ ಆಗಲಿಲ್ಲ.

ಆಪಾ ಫೋನ್ ಮಾಡಿದಾಗ ಮಣ್ಣು ಮುಗಿದಿತ್ತು. ಭಾನುವಾರ ಹೊರಟೆವು. ನಮ್ಮ ಜೊತೆಯಲ್ಲೇ ಇದ್ದ ಅವ್ವ ತಾನೂ ಬರುತ್ತೇನೆಂದು ಸೀರೆ ಬದಲಾಯಿಸಿಕೊಂಡು ಬಾಗಿಲಲ್ಲಿ ಕೂತಿದ್ದಳು.

ಆಪಾ ಸೊರಗಿದ್ದರು. ಒಂಬತ್ತು ವರ್ಷದ ನನ್ನ ಮಗಳ ಕೈಹಿಡಿದು ಬಹಳ ಹೊತ್ತು ಕೂತರು. ಮಗಳಿಗೆ ಆ ಮನೆಯಾಗಲಿ ಜಗಲಿಯಾಗಲಿ ನೆನಪಿರಲಿಲ್ಲ. ಸಂಕೋಚದಿಂದ ನನ್ನ ಕಡೆ ನೋಡುತ್ತಿದ್ದಳು.

"ನೀವು ಮಾಡಿದ್ದಕ್ಕೆ ನಾವು ಏನೂ ಮಾಡಕ್ಕಾಗ್ಲಿಲ್ಲ ಆಪಾ" ಎಂದೆ. "ಸಾಹೇಬ್ರು ನಿಮ್ಮನ್ನೆಲ್ಲ ಹಂಗೇ ಬೆಳೆಸಿದ್ರೇನೋ. ನಮಗೆ ಆ ತಾಳ್ಮೆ ಇರಲಿಲ್ಲ."

ಆಪಾ ತಲೆಯಾಡಿಸಿದರು.

"ಇಲ್ಲಣ್ಣ. ನಮ್ ಅಬ್ಬಾ ನಮಗೆ ಊಟ ಹಾಕಿದ್ದೇ ನನಗೆ ಗ್ಯಾಪ್ಕ ಇಲ್ಲ. ನಾವು ಏಳೋಕೆ ಮುಂಚೆ ಕೆಲಸಕ್ಕೆ ಹೋಗೋರು. ಬರೋವಾಗ ನಾವು ಮಲಗಿರ್ತಿದ್ವಿ. ಅಲ್ಲೇ ಬಾಣಲೆ ಹತ್ರ ನಿಂತ್ಕಂಡು ತಿನ್ನೋರು, ಕೂತ್ರೆ ಗೂಡು ಬೆಂದೋಗ್ತೈತೆ ಅಂತ. ಕೆಲಸ ಬುಟ್ ಮೇಲೂ ಮನೇಲಿ ನಿಂತ್ಕಂಡೇ ತಿಂತಿದ್ರು. ನಾನು ಒಬ್ಳೇ ಉಣ್ತಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಚಾಪೆ ಹಾಸಿದ್ದು ಪಾಪು ಬಂದ್ ಮೇಲೇನೇ. ಮೊದಲ ದಿನ ನಾನು ಕಾರ್ಖಾನೆಯಿಂದ ಬಂದು ನೋಡ್ತೀನಿ, ಅಬ್ಬಾ ಕೂತವ್ರೆ. ನೀವು ಹೋದ್ ಮೇಲೂ ಕೂತೇ ಉಂಡ್ರು, ಕೊನೇ ತನಕ."

ಅಷ್ಟರಲ್ಲಿ ಬೇರೆ ಯಾರೋ ಬಂದರು, ಆಪಾ ಎದ್ದುಹೋದರು. ನಾವು ಹೊರಡುವಾಗ ನೆಂಟರೊಬ್ಬರು ಎಲ್ಲರಿಗೂ ಚಹಾ ತಂದರು. ಅವ್ವ ಲೋಟ ತೆಗೆದುಕೊಂಡಳು. ಜಗಲಿಯ ತುದಿಯಲ್ಲಿ ಕೂತು, ಪೂರ್ತಿ ಕುಡಿದು, ತಾನೇ ತೊಳೆದು ಬೋರಲು ಹಾಕಿದಳು.

ಬಸ್ಸಿನಲ್ಲಿ ಮಗಳು ನನ್ನ ಮತ್ತು ಅವ್ವನ ನಡುವೆ ಕೂತಿದ್ದಳು. ಊರು ದಾಟಿದ ಮೇಲೆ ಕೇಳಿದಳು.

"ಅಪ್ಪಾ, ಸತ್ತುಹೋದೋರು ನಮಗೆ ಏನಾಗ್ಬೇಕು?"

ಎಲ್ಲಿಂದ ಶುರುಮಾಡಲಿ ಎಂದು ನಾನು ಯೋಚಿಸುತ್ತಿದ್ದೆ. ಅವ್ವ ಕಿಟಕಿಯ ಕಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಹೋಗಿದ್ದಾಳೆ ಎಂದುಕೊಂಡಿದ್ದೆ.

"ತಾತ ಆಗ್ಬೇಕು ಕಣವ್ವ" ಎಂದಳು.